ಡೈನಮೋದಿಂದ ಆಲ್ಟರ್ನೇಟರ್‌ವರೆಗೆ

ಕಾರಿಗೆ ಬ್ಯಾಟರಿ ಅನಿವಾರ್ಯವಾಗತೊಡಗಿದ್ದು 1912ರಿಂದ ಈಚೆಗೆ. ಫ್ರಾನ್ಸಿನ ಗಾಸ್ತೋ ಪ್ಲಾಂತೆ ಸೀಸ ಮತ್ತು ಆಸಿಡ್ಡಿನ ಬ್ಯಾಟರಿಯನ್ನು 1859ರಲ್ಲೇ ರೂಪಿಸಿದ್ದರೂ, ಬಹುಪಾಲು ಪೆಟ್ರೋಲ್ ಕಾರುಗಳಿಗೆ ಅದರ ಹಂಗಿರಲಿಲ್ಲ. ಕಿಡಿಗೆ ಮ್ಯಾಗ್ನೆಟೋ, ದೀಪಕ್ಕೆ ಸೀಮೆಎಣ್ಣೆ ಇಲ್ಲವೆ ಅಸಿಟಿಲೀನ್ ಅನಿಲ, ಸ್ಟಾರ್ಟ್ ಮಾಡಲು ಹ್ಯಾಂಡಲ್. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಹಿಡಿದವರ ಕೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದು ಈ ಅಪಾಯವನ್ನು ನೀಗಿಸಿತು. ಅದರಲ್ಲಿ ಒಂದೇ ಯಂತ್ರಕ್ಕೆ ಎರಡು ಕೆಲಸ: ಮೊದಲು 24 ವೋಲ್ಟ್ ಪಡೆದು ಮೋಟಾರಾಗಿ ಎಂಜಿನ್ನನ್ನು ತಿರುಗಿಸುವುದು, ಎಂಜಿನ್ ಓಡತೊಡಗಿದ ಮೇಲೆ ಡೈನಮೋ ಆಗಿ 6 ವೋಲ್ಟಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವುದು. ಮುಂದೆ ಸ್ಟಾರ್ಟರ್ ಮತ್ತು ಡೈನಮೋ ಬೇರೆ ಬೇರೆಯಾದವು. ಅಮೆರಿಕದ ಕಾರುಗಳಲ್ಲಿ 6 ವೋಲ್ಟ್ ನೆಲೆಯೂರಿತು.

ಎರಡನೇ ಮಹಾಯುದ್ಧದ ನಂತರ ಎಂಜಿನ್ನುಗಳ ಸಂಪೀಡನ ಹೆಚ್ಚಿತು. ಅವನ್ನು ತಿರುಗಿಸಲು 6 ವೋಲ್ಟ್ ಸಾಲದಾಯಿತು. ವೋಲ್ಟೇಜ್ ಇಮ್ಮಡಿಯಾದರೆ ಅಷ್ಟೇ ಶಕ್ತಿಗೆ ಅರ್ಧ ಕರೆಂಟ್ ಸಾಕು. ಅದೇ ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ನಾಲ್ಕನೇ ಒಂದು ಭಾಗಕ್ಕಿಳಿಯುತ್ತದೆ. 1950ರ ದಶಕದ ನಡುವಿನ ಹೊತ್ತಿಗೆ ಅಮೆರಿಕದ ದೊಡ್ಡ ತಯಾರಕರು 12 ವೋಲ್ಟಿಗೆ ಬಂದಿದ್ದರು. ಫೋಕ್ಸ್‌ವ್ಯಾಗನ್ ಬೀಟಲ್ ಮಾತ್ರ ಇನ್ನೂ ಒಂದು ದಶಕ 6 ವೋಲ್ಟಿನಲ್ಲೇ ಓಡಿತು.

ಆದರೂ ಬ್ಯಾಟರಿಯನ್ನು ಬಲಪಡಿಸಿದ ಮಾತ್ರಕ್ಕೆ ಕೊರತೆ ತೀರಲಿಲ್ಲ. ನಿಜವಾದ ಅಡಚಣೆ ಇದ್ದದ್ದು ಡೈನಮೋದಲ್ಲಿ. ಅದರಲ್ಲಿ ಕರೆಂಟ್ ಹುಟ್ಟುವುದು ತಿರುಗುವ ಆರ್ಮೇಚರಿನಲ್ಲಿ. ಹುಟ್ಟಿದ್ದೆಲ್ಲವೂ ಕಮ್ಯುಟೇಟರ್ ಮತ್ತು ಕಾರ್ಬನ್ ಬ್ರಷ್‌ಗಳ ಮೂಲಕವೇ ಹೊರಬರಬೇಕು. ವಿಪರೀತ ವೇಗದಲ್ಲಿ ತಿರುಗಿಸಿದರೆ ಆರ್ಮೇಚರಿನ ಸುತ್ತುತಂತಿಗಳೇ ಕಿತ್ತು ಬರುವ ಭಯ. ಹಾಗಾಗಿ ಪುಲ್ಲಿಯ ಅಳತೆಯನ್ನು ಗರಿಷ್ಠ ವೇಗಕ್ಕೆ ಹೊಂದಿಸಬೇಕಿತ್ತು. ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಚಾರ್ಜ್ ಇಲ್ಲವೇ ಇಲ್ಲ ಎನ್ನುವಂತಾಗುತ್ತಿತ್ತು. ಬ್ರಿಟನ್ನಿನ ಲ್ಯೂಕಸ್ ಕಂಪನಿಯ ಹೆಸರಾಂತ ಸಿ40 ಡೈನಮೋ ಪೂರ್ಣ ವೇಗದಲ್ಲಿ ಕೊಡುತ್ತಿದ್ದದ್ದೂ ಸುಮಾರು 22 ಆಂಪಿಯರ್ ಮಾತ್ರ. ಮಳೆಗಾಲದ ರಾತ್ರಿ ಹೆಡ್‌ಲೈಟ್, ವೈಪರ್ ಎರಡೂ ಹಾಕಿಕೊಂಡು ಟ್ರಾಫಿಕ್ಕಿನಲ್ಲಿ ನಿಂತ ಕಾರು ಬ್ಯಾಟರಿಯ ಕೂಡಿಟ್ಟ ಚಾರ್ಜನ್ನೇ ಕರಗಿಸುತ್ತಿತ್ತು. ಡೈನಮೋ ನಿಧಾನವಾದಾಗ ಬ್ಯಾಟರಿಯ ಕರೆಂಟ್ ಅದಕ್ಕೇ ವಾಪಸು ಹರಿಯದಂತೆ ಕಟ್‌ಔಟ್ ಬೇರೆ ಬೇಕು. ಅದರ ಪಾಯಿಂಟುಗಳು ಅಂಟಿಕೊಂಡರೆ ರಾತ್ರಿ ಬೆಳಗಾಗುವುದರೊಳಗೆ ಬ್ಯಾಟರಿ ಖಾಲಿ.

ಆಲ್ಟರ್ನೇಟರ್ ಈ ವ್ಯವಸ್ಥೆಯನ್ನು ತಿರುವುಮುರುವು ಮಾಡಿತು. ಇದರಲ್ಲಿ ತಿರುಗುವುದು ಕಾಂತಕ್ಷೇತ್ರ. ಕರೆಂಟ್ ಹುಟ್ಟುವ ಸುರುಳಿ ಕದಲದೆ ಕೂತಿರುತ್ತದೆ. ಬ್ರಷ್‌ಗಳು ಹೊರುವುದು ಕ್ಷೇತ್ರಕ್ಕೆ ಬೇಕಾದ ಕೆಲವೇ ಆಂಪಿಯರ್. ರೋಟರ್ ಗಟ್ಟಿಮುಟ್ಟಾಗಿರುವುದರಿಂದ ಅದನ್ನು ಎಂಜಿನ್ನಿಗಿಂತ ಎರಡು-ಮೂರು ಪಟ್ಟು ವೇಗದಲ್ಲಿ ತಿರುಗಿಸಬಹುದು. ಐಡ್ಲಿಂಗಿನಲ್ಲೂ ಚಾರ್ಜ್ ಸಿಗುತ್ತದೆ. ಈ ತತ್ವ ಹಳೆಯದೇ. ಆದರೆ ಆಲ್ಟರ್ನೇಟರಿನಿಂದ ಹೊರಬರುವ ಎಸಿಯನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಸಾಧನ ದೊಡ್ಡದೂ ದುಬಾರಿಯೂ ಆಗಿದ್ದರಿಂದ ಅದು ಬಸ್ಸು, ಸೇನಾ ವಾಹನಗಳಂಥವುಗಳಲ್ಲೇ ಉಳಿದಿತ್ತು. ಅದೇ ಕೆಲಸ ಮಾಡುವ, ಬೆರಳತುದಿಯಷ್ಟು ಚಿಕ್ಕ ಸಿಲಿಕಾನ್ ಡಯೋಡ್ ಅಗ್ಗವಾದದ್ದೇ ದಾರಿ ತೆರೆಯಿತು. ಕ್ರೈಸ್ಲರ್ ಕಂಪನಿ 1960ರ ವ್ಯಾಲಿಯಂಟ್ ಕಾರಿಗೆ ಆಲ್ಟರ್ನೇಟರ್ ಹಾಕಿತು. ಆ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ಹೊಸ ಕಾರುಗಳಲ್ಲಿ ಡೈನಮೋ ಮರೆಯಾಗಿತ್ತು. ಕರೆಂಟ್ ವಾಪಸು ಹರಿಯುವುದನ್ನು ಡಯೋಡುಗಳೇ ತಡೆದದ್ದರಿಂದ ಕಟ್‌ಔಟ್ ಕೂಡ ಹೋಯಿತು.

ಭಾರತಕ್ಕೆ ಈ ಬದಲಾವಣೆ ತಡವಾಗಿ ಬಂತು. ಮಾರಿಸ್ ಆಕ್ಸ್‌ಫರ್ಡ್‌ನಿಂದ ಮೂಡಿದ ಅಂಬಾಸಡರ್ ಬಹುಕಾಲ ಡೈನಮೋ ಹೊತ್ತೇ ಓಡಿತು. ಎಷ್ಟೋ ಮಾಲೀಕರು ಅದನ್ನು ಕಳಚಿ ಆಲ್ಟರ್ನೇಟರ್ ಹಾಕಿಸಿಕೊಂಡರು. ಇಂಥ ಮಾರ್ಪಾಡಿನಲ್ಲಿ ಬೆಲ್ಟು, ಬ್ರಾಕೆಟ್ಟುಗಳನ್ನು ಹೊಂದಿಸುವುದಕ್ಕಿಂತ ವೈರಿಂಗೇ ಸೂಕ್ಷ್ಮದ ಕೆಲಸ. ಡೈನಮೋದ ವೋಲ್ಟೇಜನ್ನು ಹತೋಟಿಯಲ್ಲಿಡುತ್ತಿದ್ದ ಹಳೆಯ ರೆಗ್ಯುಲೇಟರನ್ನು ತೆಗೆದು, ಬ್ಯಾಟರಿಗೆ ಹೋಗುವ ತಂತಿಯನ್ನು ದಪ್ಪದ್ದಕ್ಕೆ ಬದಲಿಸಬೇಕು. ಆ ಕಾಲದ ಹಲವು ಬ್ರಿಟಿಷ್ ಕಾರುಗಳಲ್ಲಿ ಕಾರಿನ ಲೋಹದ ಮೈಗೆ ಜೋಡಿಸುತ್ತಿದ್ದದ್ದು ಬ್ಯಾಟರಿಯ ಪಾಸಿಟಿವ್ ಕಂಬ. ಅದನ್ನು ನೆಗೆಟಿವ್‌ಗೆ ತಿರುಗಿಸದೆ ಸಾಮಾನ್ಯ ಆಲ್ಟರ್ನೇಟರ್ ಜೋಡಿಸಿದರೆ ಡಯೋಡುಗಳು ಕ್ಷಣದಲ್ಲೇ ಸುಟ್ಟುಹೋಗುತ್ತವೆ.

ಚಾರ್ಜಿಂಗ್ ಹತೋಟಿಗೆ ಬಂದ ಮೇಲೆ ಬ್ಯಾಟರಿಯೂ ಬದಲಾಯಿತು. ವೋಲ್ಟೇಜ್ ಸುಮಾರು 14ರ ಆಸುಪಾಸಿನಲ್ಲಿ ನಿಂತಿದ್ದರಿಂದ ನೀರು ನಷ್ಟವಾಗುವುದು ತಗ್ಗಿತು. ಸೀಸದ ತಗಡಿಗೆ ಆಂಟಿಮನಿಯ ಬದಲು ಕ್ಯಾಲ್ಸಿಯಂ ಬೆರೆಸಿದ, ಡಿಸ್ಟಿಲ್ಡ್ ವಾಟರ್ ಕೇಳದ ಬ್ಯಾಟರಿಗಳು 1970ರ ದಶಕದಲ್ಲಿ ಮಾರುಕಟ್ಟೆಗೆ ಬಂದವು. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗುವ ಈಗಿನ ಎಂಜಿನ್ನುಗಳಿಗೆ, ಗಾಜಿನ ನಾರಿನ ಚಾಪೆಯಲ್ಲಿ ಆಸಿಡ್ ಹೀರಿಸಿಟ್ಟ ಎಜಿಎಂ ಬ್ಯಾಟರಿಗಳನ್ನು ಕೊಡುತ್ತಾರೆ. ವಿದ್ಯುತ್ ಕಾರುಗಳಲ್ಲಿ ಆಲ್ಟರ್ನೇಟರೇ ಇಲ್ಲ. ಆದರೆ ದೀಪ, ಬಾಗಿಲಿನ ಲಾಕ್, ಕಂಪ್ಯೂಟರುಗಳಿಗಾಗಿ ಅವುಗಳಲ್ಲಿ ಬಹಳಷ್ಟು ಇನ್ನೂ 12 ವೋಲ್ಟಿನ ಚಿಕ್ಕ ಬ್ಯಾಟರಿಯನ್ನು ಇಟ್ಟುಕೊಂಡಿವೆ. ನೂರಾರು ವೋಲ್ಟಿನ ಮುಖ್ಯ ಬ್ಯಾಟರಿಯಿಂದ ಡಿಸಿ ಪರಿವರ್ತಕದ ಮೂಲಕ ಅದು ಚಾರ್ಜ್ ಆಗುತ್ತದೆ.