ಇಚ್ಛಾಪುರದಿಂದ ಮದರಾಸಿಗೆ ನಡೆದ ಅರ್ಜಿಗಳು

1933ರಲ್ಲಿ ವಿಶಾಖಪಟ್ಟಣ ಬಂದರು ಆರಂಭವಾಯಿತು. ಮಧ್ಯಪ್ರಾಂತ್ಯದ ಮ್ಯಾಂಗನೀಸ್ ಅದಿರು ಅಲ್ಲಿ ಹಡಗು ಹತ್ತತೊಡಗಿತು. ಬಂದರಿನ ಬೆನ್ನಿಗಿದ್ದ ಹಳ್ಳಿಗಳಲ್ಲಿ ಮಾತ್ರ 1802ರ ಕಾಯಂ ಜಮೀನ್ದಾರಿ ಪದ್ಧತಿಯೇ ನಡೆದಿತ್ತು. ವಿಜಯನಗರಂ, ಬೊಬ್ಬಿಲಿಯಂಥ ಜಮೀನ್ದಾರಿಗಳು ಸರ್ಕಾರಕ್ಕೆ ಕಟ್ಟಬೇಕಾದ ಮೊತ್ತ ಶಾಶ್ವತವಾಗಿ ನಿಗದಿಯಾಗಿತ್ತು. ರೈತ ಜಮೀನ್ದಾರನಿಗೆ ಕಟ್ಟಬೇಕಾದ ಗೇಣಿ ಮಾತ್ರ ಏರುತ್ತಿತ್ತು. 1908ರ ಕಾಯ್ದೆ ರೈತನ ಸಾಗುವಳಿ ಹಕ್ಕನ್ನು ಒಪ್ಪಿದ್ದರೂ, ಅದನ್ನು ದಕ್ಕಿಸಿಕೊಳ್ಳಲು ಅವನು ಒಬ್ಬಂಟಿಯಾಗಿ ಕಚೇರಿ ಅಲೆಯಬೇಕಿತ್ತು.

ಈ ಒಂಟಿತನಕ್ಕೆ ಉತ್ತರವಾಗಿ ಬಂದದ್ದು 1928ರಲ್ಲಿ ಹುಟ್ಟಿದ ಆಂಧ್ರ ಪ್ರಾಂತೀಯ ರೈತ ಸಂಘ. ಅದರ ಮುಂದಾಳು ಗುಂಟೂರು ಜಿಲ್ಲೆಯ ನಿಡುಬ್ರೋಲಿನ ಎನ್. ಜಿ. ರಂಗಾ. ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಅವರು ತಮ್ಮೂರಿನಲ್ಲೇ ರೈತ ಕಾರ್ಯಕರ್ತರಿಗೆ ಶಾಲೆ ತೆರೆದರು.

1937-38ರಲ್ಲಿ ಸಂಘ ತನ್ನ ಬಲವನ್ನು ಕಾಲ್ನಡಿಗೆಯಲ್ಲಿ ತೋರಿಸಿತು. ಉತ್ತರದ ತುದಿಯ ಇಚ್ಛಾಪುರದಿಂದ ಹೊರಟ ಜಾಥಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೈತರು ಪಾಲ್ಗೊಂಡರು. 130 ದಿನ, ಒಂಬತ್ತು ಜಿಲ್ಲೆ, 1,500 ಮೈಲಿ. ದಾರಿಯಲ್ಲಿ ಸಂಗ್ರಹವಾದ 1,100ಕ್ಕೂ ಹೆಚ್ಚು ಅರ್ಜಿಗಳು 1938ರ ಮಾರ್ಚ್ 27ರಂದು ಮದರಾಸಿನ ಶಾಸನಸಭೆಗೆ ಸಲ್ಲಿಕೆಯಾದವು. ಬಳ್ಳಾರಿ, ಮಂಗಳೂರುಗಳನ್ನೂ ಆಳುತ್ತಿದ್ದ ಸಭೆ ಅದು.

ಅದೇ ವರ್ಷ ಕಂದಾಯ ಮಂತ್ರಿ ಟಂಗುಟೂರಿ ಪ್ರಕಾಶಂ ಅಧ್ಯಕ್ಷತೆಯ ಜಮೀನ್ದಾರಿ ವಿಚಾರಣಾ ಸಮಿತಿ ವರದಿ ಕೊಟ್ಟಿತು: ನೆಲದ ಒಡೆಯ ರೈತನೇ, ಜಮೀನ್ದಾರ ಬರೀ ವಸೂಲಿಗಾರ, ಗೇಣಿ 1802ರ ಹಿಂದಿನ ದರಕ್ಕೆ ಇಳಿಯಬೇಕು. ಅದು ಕಾಯ್ದೆಯಾಗುವ ಮೊದಲೇ, 1939ರಲ್ಲಿ, ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಜಮೀನ್ದಾರಿ ರದ್ದಾಗಲು 1948ರ ಕಾಯ್ದೆಯವರೆಗೆ ಕಾಯಬೇಕಾಯಿತು.

ಅಷ್ಟರಲ್ಲಿ ರೈತ ಚಳವಳಿಯೇ ಒಡೆದಿತ್ತು. 1944ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಅಖಿಲ ಭಾರತ ಕಿಸಾನ್ ಸಭೆ ಅಧಿವೇಶನ ನಡೆಸಿದಾಗ ಅದರ ಚುಕ್ಕಾಣಿ ಕಮ್ಯುನಿಸ್ಟರ ಕೈಯಲ್ಲಿತ್ತು. 1936ರಲ್ಲಿ ಆ ಸಭೆ ಕಟ್ಟಿದವರಲ್ಲಿ ಒಬ್ಬರಾದ ರಂಗಾ ಬೇರೆ ದಾರಿ ಹಿಡಿದಿದ್ದರು. 1959ರಲ್ಲಿ ಅವರು ಸಹಕಾರಿ ಬೇಸಾಯವನ್ನು ವಿರೋಧಿಸಿ ಸ್ವತಂತ್ರ ಪಕ್ಷದ ಮೊದಲ ಅಧ್ಯಕ್ಷರಾದರು.

ಈ ಒಡಕಿನ ಮೂಲ ‘ರೈತ’ ಎಂಬ ಪದದೊಳಗೇ ಇತ್ತು. ಅರಬ್ಬಿಯಲ್ಲಿ ಪ್ರಜೆ ಎಂಬ ಅರ್ಥವಿದ್ದ ಈ ಪದ ಕಂದಾಯದ ಕಡತಗಳಲ್ಲಿ ತೆರಿಗೆ ಕಟ್ಟುವವನನ್ನು ಸೂಚಿಸಿತು. ಜಮೀನ್ದಾರನ ಎದುರು ನಿಂತಾಗ ಹತ್ತು ಎಕರೆಯವನೂ ಗೇಣಿದಾರನೂ ಕೂಲಿಯವನೂ ಒಂದೇ ಸಾಲಿನಲ್ಲಿ ನಡೆಯಬಹುದಿತ್ತು. ಜಮೀನ್ದಾರ ಸರಿದ ಮೇಲೆ ಪಟ್ಟಾ ಸಿಕ್ಕಿದ್ದು ಸಾಗುವಳಿ ಹಕ್ಕಿದ್ದವನಿಗೆ. ಅವನ ಹೊಲದಲ್ಲಿ ದುಡಿಯುತ್ತಿದ್ದವನು ಕೂಲಿಯವನಾಗಿಯೇ ಉಳಿದ. ಇಂದಿಗೂ ರಾಜ್ಯಮಟ್ಟದ ಯಾವುದೇ ರೈತ ಸಂಘದ ಮುಂದಿರುವ ಮೊದಲ ಪ್ರಶ್ನೆ, ಆ ಹೆಸರಿನೊಳಗೆ ಯಾರಿದ್ದಾರೆ ಎಂಬುದೇ.