ಮನೆಯ ಮುಖ್ಯ ವಾಲ್ವ್ ಬದಲಾವಣೆ: ತಿಳಿದಿರಬೇಕಾದ ಸಂಗತಿಗಳು

ಸ್ನಾನದ ಮನೆಯ ನಲ್ಲಿ ಕಿತ್ತುಬಂದಾಗ ಮನೆಮಂದಿ ಮೊದಲು ಹುಡುಕುವುದು ಮುಖ್ಯ ವಾಲ್ವನ್ನು. ವರ್ಷಗಟ್ಟಲೆ ಯಾರೂ ಮುಟ್ಟದ ಅದು ಆ ಹೊತ್ತಿನಲ್ಲಿ ತಿರುಗದಿದ್ದರೆ ಸಾವಿರ ಲೀಟರಿನ ಟ್ಯಾಂಕ್ ಒಂದೆರಡು ತಾಸಿನಲ್ಲಿ ಬರಿದಾಗಬಹುದು. ದಿನ ಬಿಟ್ಟು ದಿನ ನೀರು ಬರುವ ಬಡಾವಣೆಗಳಲ್ಲಿ ಇದು ಸಣ್ಣ ನಷ್ಟವಲ್ಲ. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರಗೊಂಡಾಗ, ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂ. ದಂಡ ವಿಧಿಸುವುದಾಗಿ ಜಲಮಂಡಳಿ ಆದೇಶಿಸಿತ್ತು.

ಯಾವುದು ಮುಖ್ಯ ವಾಲ್ವ್?

ನಗರದ ಮನೆಗಳಲ್ಲಿ ಸಾಮಾನ್ಯವಾಗಿ ಇಂತಹ ವಾಲ್ವ್ ಎರಡು ಕಡೆ ಇರುತ್ತದೆ. ಮೀಟರಿನ ಬಳಿಯದು ಬೀದಿಯ ಕೊಳವೆಯಿಂದ ಸಂಪ್‌ಗೆ ಬರುವ ನೀರನ್ನು ಮಾತ್ರ ತಡೆಯುತ್ತದೆ. ಮನೆಯೊಳಗಿನ ನಲ್ಲಿಗಳಿಗೆ ಹರಿಯುವ ನೀರನ್ನು ನಿಲ್ಲಿಸುವುದು ತಾರಸಿಯ ಟ್ಯಾಂಕ್‌ನ ಹೊರಗೊಳವೆಯಲ್ಲಿರುವ ವಾಲ್ವ್. ಅಡುಗೆಮನೆ, ಸ್ನಾನಗೃಹ, ಸೋಲಾರ್ ಹೀಟರ್‌ಗಳಿಗೆ ಪ್ರತ್ಯೇಕ ಕೊಳವೆಗಳಿದ್ದರೆ ಒಂದೊಂದಕ್ಕೂ ಒಂದೊಂದು ವಾಲ್ವ್ ಇರುತ್ತದೆ.

ಮೀಟರಿಗೆ ಮುಂಚಿನ ಸಂಪರ್ಕದ ಭಾಗವನ್ನು ಮನೆಯವರು ಬಿಚ್ಚುವಂತಿಲ್ಲ. ಅಲ್ಲಿ ದೋಷವಿದ್ದರೆ ಜಲಮಂಡಳಿಗೆ ಅಥವಾ ನಗರಸಭೆಗೆ ತಿಳಿಸಬೇಕು.

ಕೆಡುವುದೇಕೆ?

ಹಳೆಯ ಮನೆಗಳಲ್ಲಿ ಹೆಚ್ಚಾಗಿರುವುದು ಚಕ್ರ ತಿರುಗಿಸುವ ಗೇಟ್ ವಾಲ್ವ್. ಕೊಳವೆಬಾವಿಯ ಗಡಸು ನೀರಿನ ಲವಣ ಅದರ ತಗಡು ಮತ್ತು ತಿರುಪಿನಲ್ಲಿ ಹೆಪ್ಪುಗಟ್ಟುತ್ತದೆ. ಬಲವಂತವಾಗಿ ತಿರುಗಿಸಿದರೆ ಒಳಗಿನ ಕಡ್ಡಿ ತುಂಡಾಗಿ ಚಕ್ರ ಸುಮ್ಮನೆ ಸುತ್ತತೊಡಗುತ್ತದೆ. ಆದರೆ ಚಕ್ರದ ಬುಡದಲ್ಲಿ ನೀರು ಜಿನುಗುತ್ತಿದೆ ಎಂಬುದಷ್ಟೇ ಬದಲಾವಣೆಗೆ ಕಾರಣವಾಗಬೇಕಿಲ್ಲ. ಅಲ್ಲಿನ ನಟ್ಟನ್ನು ಕಾಲು ಸುತ್ತು ಬಿಗಿಗೊಳಿಸಿದರೆ ಅನೇಕ ವೇಳೆ ಸೋರಿಕೆ ನಿಲ್ಲುತ್ತದೆ.

ಹೊಸದಾಗಿ ಹಾಕಿಸುವವರಿಗೆ ಬಾಲ್ ವಾಲ್ವ್ ಅನುಕೂಲಕರ. ಹಿಡಿ ಕೊಳವೆಯ ನೇರಕ್ಕಿದ್ದರೆ ತೆರೆದಿದೆ, ಅಡ್ಡಲಾಗಿದ್ದರೆ ಮುಚ್ಚಿದೆ ಎಂದು ನೋಡಿದೊಡನೆ ತಿಳಿಯುತ್ತದೆ. ಅದನ್ನು ಅರೆಬರೆ ತೆರೆದಿಡಬಾರದು. ಒಳಗಿನ ಸೀಲ್ ಸವೆಯುತ್ತದೆ. ಗನ್‌ಮೆಟಲ್ ಗೇಟ್ ವಾಲ್ವನ್ನೇ ಕೊಳ್ಳುವವರು ಐಎಸ್ 778 ಗುರುತನ್ನು ಗಮನಿಸಬೇಕು. ಕೊಳವೆಯ ಅಳತೆ ಅರ್ಧ, ಮುಕ್ಕಾಲು ಅಥವಾ ಒಂದು ಇಂಚೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಬದಲಿಸುವ ಕ್ರಮ

ಟ್ಯಾಂಕ್ ಮತ್ತು ವಾಲ್ವಿನ ನಡುವೆ ನೀರನ್ನು ತಡೆಯುವ ಬೇರೇನೂ ಇರುವುದಿಲ್ಲ. ಆದ್ದರಿಂದ ಟ್ಯಾಂಕ್‌ನ ನೀರು ಹೊರಗೊಳವೆಯ ಮಟ್ಟಕ್ಕಿಂತ ಕೆಳಗಿಳಿಯಬೇಕು. ಹಿಂದಿನ ದಿನದಿಂದಲೇ ನೀರೇರಿಸದೆ ಇರುವ ನೀರನ್ನು ಬಳಸಿ ಮುಗಿಸುವುದು, ಉಳಿದದ್ದನ್ನು ಡ್ರಮ್ಮುಗಳಿಗೆ ತುಂಬಿಡುವುದು ಮೇಲು. ಪಂಪ್ ಮತ್ತು ಗೀಸರ್‌ಗಳ ಸ್ವಿಚ್ಚನ್ನು ಆರಿಸಿರಬೇಕು. ಸ್ವಯಂಚಾಲಿತ ಪಂಪ್ ಇದ್ದರೆ ಈ ಎಚ್ಚರ ಇನ್ನೂ ಮುಖ್ಯ.

ಜಿಐ ಕೊಳವೆಯಾದರೆ ಯೂನಿಯನ್ ಬಿಚ್ಚಿ, ಒಂದು ರೆಂಚಿನಿಂದ ಕೊಳವೆಯನ್ನು ಅಲುಗದಂತೆ ಹಿಡಿದು ಇನ್ನೊಂದರಿಂದ ವಾಲ್ವನ್ನು ತಿರುಗಿಸಬೇಕು. ಒಂದೇ ರೆಂಚ್ ಬಳಸಿದರೆ ತುಕ್ಕು ಹಿಡಿದ ಕೊಳವೆ ಗೋಡೆಯೊಳಗೇ ಮುರಿಯುವ ಅಪಾಯವಿದೆ. ಮರೆಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ವಾಲ್ವ್ ಬಿಗಿಯಾಗುವ ದಿಕ್ಕಿನಲ್ಲೇ ಟೆಫ್ಲಾನ್ ಟೇಪ್ ಸುತ್ತಬೇಕು. ಯೂನಿಯನ್ ಇಲ್ಲದಿದ್ದರೆ ಈ ಸಂದರ್ಭದಲ್ಲೇ ಒಂದನ್ನು ಅಳವಡಿಸಿಕೊಳ್ಳುವುದು ಒಳಿತು. ಮುಂದಿನ ದುರಸ್ತಿಗೆ ಕೊಳವೆ ಕತ್ತರಿಸುವ ಪ್ರಮೇಯ ಬಾರದು.

ಸಿಪಿವಿಸಿ ಕೊಳವೆಯನ್ನು ನೇರವಾಗಿ ಕತ್ತರಿಸಿ, ಒಣಗಿಸಿ, ಸಾಲ್ವೆಂಟ್ ಅಂಟಿನಿಂದ ಜೋಡಿಸಬೇಕು. ಡಬ್ಬಿಯ ಮೇಲೆ ಮುದ್ರಿಸಿದಷ್ಟು ಹೊತ್ತು ಕಾಯದೆ ನೀರು ಬಿಟ್ಟರೆ ಕೀಲು ಸೋರುತ್ತದೆ. ಲೋಹದ ವಾಲ್ವನ್ನು ಪ್ಲಾಸ್ಟಿಕ್ ಮರೆಗೆ ಅತಿಯಾಗಿ ಬಿಗಿದರೆ ಕೀಲು ಸೀಳುತ್ತದೆ.

ಪರೀಕ್ಷೆ ಮತ್ತು ಪಾಲನೆ

ಟ್ಯಾಂಕ್ ತುಂಬಿಸಿ ವಾಲ್ವನ್ನು ನಿಧಾನವಾಗಿ ತೆರೆಯಬೇಕು. ನಲ್ಲಿಗಳಿಂದ ಗಾಳಿ ಹೊರಹೋಗಿ ಬಿಸಿನೀರಿನ ನಲ್ಲಿಯಲ್ಲೂ ಧಾರೆ ಸಮನಾದ ನಂತರವೇ ಗೀಸರ್ ಹಾಕಬೇಕು. ಕೀಲುಗಳಿಗೆ ಒಣ ಕಾಗದ ಒತ್ತಿ ನೋಡಿದರೆ ಸಣ್ಣ ಸೋರಿಕೆಯೂ ತಿಳಿಯುತ್ತದೆ. ಮಾರನೆಯ ದಿನ ಮತ್ತೊಮ್ಮೆ ನೋಡುವುದು ಉತ್ತಮ.

ಎರಡು ಮೂರು ತಿಂಗಳಿಗೊಮ್ಮೆ ವಾಲ್ವನ್ನು ಪೂರ್ತಿ ಮುಚ್ಚಿ ತೆರೆದರೆ ಲವಣ ಹೆಪ್ಪುಗಟ್ಟುವುದು ಕಡಿಮೆಯಾಗುತ್ತದೆ. ಯಾವ ವಾಲ್ವ್ ಯಾವ ಕೊಳವೆಯದೆಂದು ಬಣ್ಣದಿಂದ ಬರೆದಿಟ್ಟು, ಅದರ ಜಾಗವನ್ನು ಮನೆಯ ಎಲ್ಲರಿಗೂ, ಬಾಡಿಗೆದಾರರಿಗೂ ತೋರಿಸಿರಬೇಕು.