ದಂತವಾಣಿಜ್ಯ: ಒಂದು ನಿಷೇಧದ ಹಿಂದಿನ ವಿವೇಕ

ಗೃಹಸ್ಥನು ಕೈಗೊಳ್ಳಬಾರದ ಹದಿನೈದು ವೃತ್ತಿಗಳನ್ನು ಶ್ರಾವಕಾಚಾರ ಗ್ರಂಥಗಳು ಹೆಸರಿಸುತ್ತವೆ. ಕರ್ಮಾದಾನಗಳೆಂದೂ ಖರಕರ್ಮಗಳೆಂದೂ ಕರೆಯಲ್ಪಡುವ ಈ ಪಟ್ಟಿಯಲ್ಲಿ ಇದ್ದಿಲು ಸುಡುವುದು, ಕಾಡು ಕಡಿಯುವುದು, ವಿಷ ಮಾರುವುದು, ಕೆರೆ ಬತ್ತಿಸುವುದು ಮೊದಲಾದವುಗಳ ಜೊತೆಗೆ ದಂತವಾಣಿಜ್ಯವೂ ಸೇರಿದೆ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಆನಂದ ಗೃಹಪತಿಯ ವ್ರತಸ್ವೀಕಾರದ ಸಂದರ್ಭದಲ್ಲಿ ಈ ಪಟ್ಟಿ ಬರುತ್ತದೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಇದನ್ನು ವಿಸ್ತರಿಸಿದ್ದಾರೆ. ದಿಗಂಬರ ಪರಂಪರೆಯ ಪಂಡಿತ ಆಶಾಧರರು 13ನೆಯ ಶತಮಾನದಲ್ಲಿ ರಚಿಸಿದ ಸಾಗಾರಧರ್ಮಾಮೃತದಲ್ಲಿ ಇವನ್ನು ಪ್ರಸ್ತಾಪಿಸಿ, ಲೋಕದಲ್ಲಿ ಪಾಪಯುಕ್ತ ಕರ್ಮಗಳು ಅಸಂಖ್ಯವಾದ್ದರಿಂದ ಹದಿನೈದೆಂದು ಎಣಿಸಿ ಮುಗಿಸುವಂತಿಲ್ಲವೆಂಬ ಅಭಿಪ್ರಾಯವನ್ನೂ ಸೇರಿಸಿದ್ದಾರೆ.

ದಂತವಾಣಿಜ್ಯವೆಂದರೆ ಆನೆಯ ದಂತವೊಂದೇ ಅಲ್ಲ. ಚರ್ಮ, ಉಗುರು, ಶಂಖ, ಚಮರೀಮೃಗದ ಬಾಲ ಮುಂತಾಗಿ ಕಾಡಿನ ಮತ್ತು ನೀರಿನ ಜೀವಿಗಳ ಅಂಗಗಳೆಲ್ಲವೂ ಅದರಲ್ಲಿ ಅಡಕವಾಗಿವೆ. ಇಲ್ಲಿ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ. ಆನೆಯನ್ನು ಕೊಲ್ಲುವವನು ಬೇಟೆಗಾರ. ವ್ಯಾಪಾರಿಯು ಸತ್ತ ಆನೆಯ ದಂತವನ್ನು ಕೊಳ್ಳುತ್ತಾನೆ ಅಷ್ಟೆ. ಅವನ ಕೈಗೆ ರಕ್ತ ಅಂಟಿಲ್ಲ. ಹಾಗಿದ್ದ ಮೇಲೆ ದೋಷವೆಲ್ಲಿಯದು?

ವ್ಯಾಖ್ಯಾನಕಾರರು ಇದಕ್ಕೆ ಕೊಟ್ಟ ಉತ್ತರ ವ್ಯಾಪಾರದ ಮರ್ಮವನ್ನು ಬಲ್ಲವರ ಉತ್ತರವಾಗಿದೆ. ವ್ಯಾಪಾರಿಯು ದಂತ ದೊರೆಯುವ ಸ್ಥಳಕ್ಕೇ ಹೋಗಿ ಕಾಡಿನ ಜನರಿಗೆ ಮುಂಗಡ ಹಣ ಕೊಡುತ್ತಾನೆ. ಹಣ ಪಡೆದವರು, ಇವನು ಮತ್ತೆ ಬರುವನೆಂಬ ಭರವಸೆಯಿಂದ, ಆನೆಗಳನ್ನು ಕೊಲ್ಲಲು ಹೊರಡುತ್ತಾರೆ. ಆದ್ದರಿಂದ ಆ ಕೊಲೆಗೆ ಮೂಲ ಮುಂಗಡವೇ. ತತ್ತ್ವಾರ್ಥಸೂತ್ರವು ಹೇಳುವ ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಗಳನ್ನು ಇಲ್ಲಿಗೆ ಅನ್ವಯಿಸಿದರೆ, ಬೇಟೆಗಾರನದು ಕೃತ, ಮುಂಗಡ ಕೊಟ್ಟವನದು ಕಾರಿತ, ಮೆಚ್ಚಿ ಕೊಂಡು ಧರಿಸಿದವನದು ಅನುಮೋದನೆ. ಮೂವರ ಪಾಲೂ ಲೆಕ್ಕಕ್ಕೆ ಸೇರುತ್ತದೆ.

ಜಂಜಿಬಾರಿನ ಮುಂಗಡ

ಈ ಮಾತು ಎಷ್ಟು ದೂರದೃಷ್ಟಿಯದೆಂಬುದನ್ನು 19ನೆಯ ಶತಮಾನದ ಪೂರ್ವ ಆಫ್ರಿಕದ ಇತಿಹಾಸ ತೋರಿಸಿಕೊಡುತ್ತದೆ. ಗುಜರಾತ, ರಾಜಸ್ಥಾನಗಳಲ್ಲಿ ವಿವಾಹದ ಸಮಯದಲ್ಲಿ ವಧುವಿಗೆ ದಂತದ ಬಳೆ ತೊಡಿಸುವ ರೂಢಿಯಿತ್ತು. ಅದಕ್ಕೆ ಬೇಕಾದ ದಂತದ ಬಹುಭಾಗ ಆಫ್ರಿಕದಿಂದ ಹಡಗಿನಲ್ಲಿ ಕಚ್ಛ, ಸೂರತ್ ಮತ್ತು ಮುಂಬಯಿಗೆ ಬರುತ್ತಿತ್ತು. ಯುರೋಪ್ ಮತ್ತು ಅಮೆರಿಕಗಳಲ್ಲಿ ಪಿಯಾನೋದ ಮಣೆಗಳಿಗೆ, ಬಿಲಿಯರ್ಡ್ಸ್ ಚೆಂಡುಗಳಿಗೆ ದಂತದ ಬೇಡಿಕೆ ಬೆಳೆದಂತೆ ಜಂಜಿಬಾರ್ ದ್ವೀಪವು ಈ ವ್ಯಾಪಾರದ ದೊಡ್ಡ ಪೇಟೆಯಾಯಿತು.

ಅಲ್ಲಿನ ವ್ಯವಹಾರದ ರೀತಿ ಹೀಗಿತ್ತು. ಭಾರತೀಯ ವರ್ತಕರು ಬಟ್ಟೆ, ಮಣಿ ಮೊದಲಾದ ಸರಕನ್ನು ಸಾಲವಾಗಿ ಕೊಡುತ್ತಿದ್ದರು. ಅದನ್ನು ಹೊತ್ತ ತಂಡಗಳು ಖಂಡದ ಒಳನಾಡಿಗೆ ಹೋಗಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಿರುಗಿ, ದಂತವನ್ನು ಸಂಗ್ರಹಿಸಿ ತಂದು ಸಾಲ ತೀರಿಸುತ್ತಿದ್ದವು. ಅಂದಿನ ಪ್ರಸಿದ್ಧ ದಂತವ್ಯಾಪಾರಿ ಟಿಪ್ಪು ಟಿಪ್‌ನ ಯಾತ್ರೆಗಳಿಗೆ ಬಂಡವಾಳ ಒದಗಿಸಿದವರಲ್ಲಿ ಕಚ್ಛದ ಮೂಲದ ತಾರಿಯಾ ತೋಪನ್ ಮುಖ್ಯರು. ಸಾಲ ಕೊಟ್ಟವರು ಕಾಡನ್ನು ಕಂಡವರಲ್ಲ, ಬಂದೂಕು ಹಿಡಿದವರೂ ಅಲ್ಲ. ಅವರ ಕೈಯಲ್ಲಿದ್ದುದು ಖಾತೆಯ ಪುಸ್ತಕ ಮಾತ್ರ. ಆದರೂ ಸಾಲ ತೀರಬೇಕಾದರೆ ಆನೆ ಬೀಳಲೇಬೇಕಿತ್ತು. ಈ ವ್ಯಾಪಾರವು ಗುಲಾಮರ ವ್ಯಾಪಾರದೊಡನೆ ಹೆಣೆದುಕೊಂಡು ಆನೆಯೊಡನೆ ಮನುಷ್ಯನನ್ನೂ ಬಲಿ ತೆಗೆದುಕೊಂಡಿತೆಂಬುದನ್ನು ಮರೆಯುವಂತಿಲ್ಲ.

ಮಿತಿ ಹಾಕಿದರೂ ನಿಲ್ಲದ ಬೇಟೆ

20ನೆಯ ಶತಮಾನದ ಉತ್ತರಾರ್ಧದಲ್ಲಿ ಲೋಕವು ಕಾನೂನಿನ ದಾರಿಯಿಂದ ಇದೇ ವಿವೇಕದತ್ತ ನಡೆಯಿತು. 1973ರಲ್ಲಿ ವಾಷಿಂಗ್ಟನ್ನಿನಲ್ಲಿ ರೂಪುಗೊಂಡು 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದವು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸಲು ಹೊರಟಿತು. ಬೇಟೆಗಾರನನ್ನು ಹಿಡಿದರೆ ಸಾಲದು, ಪೇಟೆಯನ್ನು ಹಿಡಿಯಬೇಕು ಎಂಬುದೇ ಅದರ ತಿರುಳು. ಭಾರತವು 1976ರಲ್ಲಿ ಇದರ ಸದಸ್ಯರಾಷ್ಟ್ರವಾಯಿತು.

ಆರಂಭದಲ್ಲಿ ಆಫ್ರಿಕದ ಆನೆಯ ದಂತವನ್ನು ಪೂರ್ಣವಾಗಿ ನಿಷೇಧಿಸಲಿಲ್ಲ. 1980ರ ದಶಕದ ಮಧ್ಯದಲ್ಲಿ ಪ್ರತಿಯೊಂದು ದೇಶವೂ ವರ್ಷಕ್ಕೆ ಇಷ್ಟು ದಂತವೆಂದು ಮಿತಿ ಹಾಕಿಕೊಂಡು ಮಾರಬಹುದೆಂಬ ವ್ಯವಸ್ಥೆ ಬಂದಿತು. ಕಾಗದದ ಮೇಲೆ ಇದು ಪರಿಮಾಣವ್ರತದಂತೆಯೇ ಕಾಣುತ್ತದೆ. ಆದರೆ ಮಿತಿಯನ್ನು ಗೊತ್ತುಮಾಡಿದವರು ಮಾರುವವರೇ ಆಗಿದ್ದರು. ಕಾಡಾನೆಗಳೇ ಇಲ್ಲವೆನ್ನಬಹುದಾದ ಬುರುಂಡಿಯಿಂದಲೂ ಹತ್ತಾರು ಟನ್ ದಂತ ಲೆಕ್ಕಕ್ಕೆ ಬಂದಿತು. ಕಳ್ಳ ದಂತಕ್ಕೆ ಸಾಚಾ ಮುದ್ರೆ ಬಿದ್ದಿತು. 1979ರಲ್ಲಿ ಸುಮಾರು 13 ಲಕ್ಷವೆಂದು ಅಂದಾಜಾಗಿದ್ದ ಆಫ್ರಿಕದ ಆನೆಗಳ ಸಂಖ್ಯೆ ಹತ್ತೇ ವರ್ಷಗಳಲ್ಲಿ ಸುಮಾರು 6 ಲಕ್ಷಕ್ಕೆ ಇಳಿಯಿತು.

1989ರ ಜುಲೈಯಲ್ಲಿ ಕೀನ್ಯಾ ದೇಶವು 12 ಟನ್ ದಂತವನ್ನು ಬಹಿರಂಗವಾಗಿ ಸುಟ್ಟಿತು. ಬಡ ರಾಷ್ಟ್ರವೊಂದು ಇಷ್ಟು ಬೆಲೆಯ ಸರಕನ್ನು ಬೂದಿ ಮಾಡಿದ್ದನ್ನು ಕಂಡು ಲೋಕ ಬೆರಗಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಸೇರಿದ ಸೈಟಿಸ್ ಸಭೆಯು ದಂತದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿತು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಂದ ತಿದ್ದುಪಡಿಯು ಭಾರತೀಯ ದಂತದ ವ್ಯಾಪಾರವನ್ನೂ 1991ರ ತಿದ್ದುಪಡಿಯು ಆಫ್ರಿಕದ ದಂತದ ವ್ಯಾಪಾರವನ್ನೂ ನಿಲ್ಲಿಸಿದವು. ಲಕ್ಷಾಂತರ ವರ್ಷಗಳ ಹಿಂದಿನ ವಂಶದ, ಈಗ ಅಳಿದುಹೋದ ಮ್ಯಾಮತ್ ಆನೆಯ ದಂತಕ್ಕೂ ನಿಷೇಧ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ತೀರ್ಪಿತ್ತಿತು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವ ಬಾಗಿಲು ಇದರಿಂದ ಮುಚ್ಚಿತು.

ಕರ್ನಾಟಕಕ್ಕೆ ಈ ಇತಿಹಾಸ ಹೊರಗಿನದಲ್ಲ. ಏಷ್ಯದ ಆನೆಗಳಲ್ಲಿ ಗಂಡಿಗೆ ಮಾತ್ರ ಉದ್ದನೆಯ ದಂತವಿರುವುದರಿಂದ ದಂತಚೋರರ ಗುಂಡು ಸಲಗಗಳನ್ನೇ ಆರಿಸಿ ಬೀಳಿಸಿತು. ಕೇರಳದ ಪೆರಿಯಾರ್ ಅರಣ್ಯದಲ್ಲಿ ಒಂದು ಪ್ರಾಯದ ಗಂಡಿಗೆ ಸುಮಾರು ನೂರು ಹೆಣ್ಣಾನೆಗಳೆಂಬ ಸ್ಥಿತಿ ಬಂದಿತ್ತು. ಕರ್ನಾಟಕ, ತಮಿಳುನಾಡುಗಳ ಗಡಿಕಾಡುಗಳಲ್ಲಿ ವೀರಪ್ಪನ್ ಶ್ರೀಗಂಧಕ್ಕೆ ಮುನ್ನ ಕೈ ಹಾಕಿದ್ದು ದಂತಕ್ಕೇ. ಇತ್ತ ಬೀಟೆಮರದ ಮೇಲೆ ದಂತ ಕೂರಿಸುವ ಕೆಲಸಕ್ಕೆ ಹೆಸರಾದ ಮೈಸೂರಿನ ಕುಶಲಕರ್ಮಿಗಳು ಪ್ಲಾಸ್ಟಿಕ್ ಬಳಸಲು ಕಲಿತರು. ದಂತ ಹೋಯಿತು, ಕಲೆ ಉಳಿಯಿತು.

ಎದುರು ವಾದದ ತೂಕ

ಆದರೂ ನಿಷೇಧವನ್ನು ಎಲ್ಲರೂ ಒಪ್ಪಿದವರಲ್ಲ. ಬೋಟ್ಸ್ವಾನ, ನಮೀಬಿಯ, ಜಿಂಬಾಬ್ವೆ ಮತ್ತು ದಕ್ಷಿಣ ಆಫ್ರಿಕ ದೇಶಗಳ ವಾದ ಹೀಗಿದೆ: ಆನೆಗಳು ನಮ್ಮಲ್ಲಿ ಕ್ಷೇಮವಾಗಿವೆ; ಅವು ಬೆಳೆ ತುಳಿಯುತ್ತವೆ, ಜನರನ್ನು ಕೊಲ್ಲುತ್ತವೆ; ಸಹಜವಾಗಿ ಸತ್ತ ಆನೆಗಳ ದಂತವನ್ನಾದರೂ ಮಾರಿ ಆ ಹಣವನ್ನು ಸಂರಕ್ಷಣೆಗೂ ಹಳ್ಳಿಗರಿಗೂ ಕೊಡಬಾರದೇಕೆ? ಈ ವಾದಕ್ಕೆ ಓಗೊಟ್ಟು ದಾಸ್ತಾನಿದ್ದ ದಂತದ ಮಾರಾಟಕ್ಕೆ ಎರಡು ಬಾರಿ ಅನುಮತಿ ನೀಡಲಾಯಿತು. 1999ರಲ್ಲಿ ಸುಮಾರು 50 ಟನ್ ಜಪಾನಿಗೆ ಹೋಯಿತು; 2008ರಲ್ಲಿ ಸುಮಾರು 100 ಟನ್ ಚೀನಾ ಮತ್ತು ಜಪಾನುಗಳಿಗೆ ಹೋಯಿತು. ಅನಂತರದ ವರ್ಷಗಳಲ್ಲಿ ಆಫ್ರಿಕದಲ್ಲಿ ಕಳ್ಳಬೇಟೆ ಮತ್ತೆ ಏರಿ 2011ರ ಸುಮಾರಿಗೆ ಶಿಖರ ಮುಟ್ಟಿತು. ಮಾರಾಟವೇ ಅದಕ್ಕೆ ಕಾರಣವೇ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಆದರೆ ಪೇಟೆಯಲ್ಲಿ ಸಾಚಾ ದಂತವಿದ್ದಷ್ಟು ಕಾಲ ಕಳ್ಳ ದಂತಕ್ಕೆ ಅದರ ಮರೆ ಸಿಗುತ್ತದೆಂಬುದು 1980ರ ದಶಕದ ಅನುಭವ. ಚೀನಾ ದೇಶವು 2017ರ ಅಂತ್ಯಕ್ಕೆ ತನ್ನೊಳಗಿನ ದಂತದ ಪೇಟೆಯನ್ನೂ ಮುಚ್ಚಿತು.

ಹಳ್ಳಿಗನ ಅಳಲು ಮಾತ್ರ ಸುಳ್ಳಲ್ಲ. ಆಫ್ರಿಕದ ರೈತನ ಮಾತನ್ನೇ ಹಾಸನ, ಕೊಡಗು ಜಿಲ್ಲೆಗಳ ರೈತನೂ ಆಡುತ್ತಾನೆ. ರಾತ್ರೋರಾತ್ರಿ ಗದ್ದೆ ಕಳೆದುಕೊಂಡವನಿಗೆ ಅಹಿಂಸೆಯ ಉಪದೇಶವು ಊಟವಾಗದು. ಆನೆಯಿಂದ ಆದಾಯ ಬೇಡವೆಂದು ಹೇಳುವವನು ಆನೆಯ ಖರ್ಚಿನಲ್ಲಿ ಪಾಲು ಹೊರಬೇಕು. ಇಲ್ಲವಾದರೆ ಆ ಅಹಿಂಸೆಯ ಬೆಲೆಯನ್ನು ಬಡವನ ತಲೆಯ ಮೇಲೆ ಹೊರಿಸಿದಂತಾಗುತ್ತದೆ. ಚತುರ್ವಿಧ ದಾನಗಳಲ್ಲಿ ಅಭಯದಾನವೂ ಒಂದು. ಆನೆಗೆ ಅಭಯ ಕೋರುವ ಸಮಾಜವು ಆನೆಯ ನೆರೆಯಲ್ಲಿ ಬಾಳುವವನ ನಷ್ಟಕ್ಕೂ ಕೈ ನೀಡಿದಾಗಲೇ ಆ ದಾನ ಪೂರ್ಣವಾಗುತ್ತದೆ.

ಪಿಂಛಿಯ ಗರಿ

ದಂತವನ್ನು ಬಿಟ್ಟೆವೆಂಬ ಸಮಾಧಾನದಲ್ಲಿ ಸಮಾಜವು ಕುಳಿತುಕೊಳ್ಳುವಂತಿಲ್ಲ. ಕಾಡಿನ ಜೀವಿಯೊಂದರ ಅಂಗವು ಇಂದಿಗೂ ಧರ್ಮದ ಉಪಕರಣವಾಗಿ ಬಸದಿಯ ಆವರಣಕ್ಕೆ ಬರುತ್ತಿದೆ. ಅದು ದಿಗಂಬರ ಮುನಿಗಳ ಸಂಯಮೋಪಕರಣವಾದ ಮಯೂರ ಪಿಂಛಿ. ಧೂಳನ್ನೂ ಬೆವರನ್ನೂ ಹಿಡಿಯದಿರುವುದು, ಮೃದುತ್ವ, ಸುಕುಮಾರತೆ, ಲಘುತ್ವ ಎಂಬ ಗುಣಗಳಿಂದಾಗಿ ಸೂಕ್ಷ್ಮಜೀವಿಗಳಿಗೆ ನೋವಾಗದಂತೆ ಸರಿಸಲು ನವಿಲುಗರಿಯನ್ನೇ ಆರಿಸಲಾಗಿದೆ. ಗಂಡುನವಿಲು ಪ್ರತಿವರ್ಷ ಮಳೆಗಾಲದ ಸಂತಾನಕಾಲ ಕಳೆಯುತ್ತಿದ್ದಂತೆ ತನ್ನ ಗರಿಗಳನ್ನು ತಾನೇ ಉದುರಿಸುತ್ತದೆ. ಜೀವಕ್ಕೆ ನೋವಿಲ್ಲದೆ ಕಾಡಿನಿಂದ ಪಡೆಯಬಹುದಾದ ವಸ್ತುವಿಗೆ ಇದಕ್ಕಿಂತ ಶುದ್ಧವಾದ ನಿದರ್ಶನ ದೊರೆಯದು.

ನವಿಲು 1963ರಿಂದ ರಾಷ್ಟ್ರಪಕ್ಷಿ. ಅದನ್ನು ಕೊಲ್ಲುವುದು ಘೋರ ಅಪರಾಧ. ಆದರೆ ಉದುರಿದ ಗರಿಗೆ ಎಡೆಯಿರಲೆಂದು 1972ರ ಕಾಯ್ದೆಯು ನವಿಲಿನ ಬಾಲದ ಗರಿಗೆ ದೇಶದೊಳಗಿನ ವ್ಯಾಪಾರದಲ್ಲಿ ವಿನಾಯಿತಿ ನೀಡಿತು. ಇಲ್ಲಿಯೇ ಹಳೆಯ ಅಪಾಯ ತಲೆಯೆತ್ತುತ್ತದೆ. ಉದುರಿದ ಗರಿಯೂ ಕಿತ್ತ ಗರಿಯೂ ಕಟ್ಟಿನಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಕಿತ್ತ ಗರಿಯ ಬುಡದಲ್ಲಿ ರಕ್ತದ ಕುರುಹು ಇರಬಹುದು. ಬುಡವನ್ನು ಕತ್ತರಿಸಿಬಿಟ್ಟರೆ ಆ ಸಾಕ್ಷ್ಯವೂ ಇಲ್ಲವಾಗುತ್ತದೆ. ಅವಸರದಲ್ಲಿ, ದೊಡ್ಡ ಪ್ರಮಾಣದಲ್ಲಿ, ಮುಂಗಡ ಕೊಟ್ಟು ಗರಿ ತರಿಸಿದರೆ ಮುಂಗಡವು ಎಲ್ಲಿಗೆ ಹೋಗಿ ಏನು ಮಾಡಿಸೀತೆಂಬುದನ್ನು ವ್ಯಾಖ್ಯಾನಕಾರರು ಶತಮಾನಗಳ ಹಿಂದೆಯೇ ಹೇಳಿದ್ದಾರೆ. ಜೀವರಕ್ಷಣೆಯ ಉಪಕರಣವೇ ಜೀವಹಿಂಸೆಯ ಫಲವಾದರೆ ಅದಕ್ಕಿಂತ ಶೋಚನೀಯವಾದುದಿಲ್ಲ.

ಚಾತುರ್ಮಾಸದ ಅಂತ್ಯದಲ್ಲಿ ಪಿಂಛಿ ಪರಿವರ್ತನ ಸಮಾರಂಭ ನಡೆಸುವ ಬಸದಿಗಳ ಆಡಳಿತ ಮಂಡಲಿಗಳು ಕೆಲವು ನಿಯಮಗಳನ್ನು ಪಾಲಿಸುವುದು ಕಷ್ಟವಲ್ಲ. ಗರಿಗಾಗಿ ಯಾರಿಗೂ ಮುಂಗಡ ಕೊಡಬಾರದು. ಬುಡ ಕತ್ತರಿಸಿದ ಗರಿಯನ್ನು ಸ್ವೀಕರಿಸಬಾರದು. ಎಲ್ಲಿ, ಯಾರು, ಯಾವ ತಿಂಗಳಲ್ಲಿ ಆಯ್ದರೆಂಬುದನ್ನು ಕೇಳಿ ಬರೆದಿಡಬೇಕು. ಬಸದಿಯ ತೋಟ, ಪರಿಚಿತರ ಹೊಲಗಳಲ್ಲಿ ಉದುರಿದುದನ್ನು ವರ್ಷವಿಡೀ ಕೂಡಿಡಬೇಕು. ಪಿಂಛಿಗೆ ಬೇಕಾದುದಕ್ಕಿಂತ ಹೆಚ್ಚಿನ ಗರಿಯನ್ನು ಅಲಂಕಾರಕ್ಕಾಗಿ ಕೊಳ್ಳುವುದನ್ನು ಬಿಡಬೇಕು.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳ್ಳಮಾಲನ್ನು ಕೊಳ್ಳುವುದೂ ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದೂ ಸೇರಿವೆ. ಸರಕಿನ ಮೂಲವನ್ನು ವಿಚಾರಿಸದ ವ್ಯಾಪಾರವು ಈ ಎರಡು ದೋಷಗಳ ಹೊಸ್ತಿಲಲ್ಲಿಯೇ ನಿಂತಿರುತ್ತದೆ. ಕೊಳ್ಳುವವನ ಮನೆಯಲ್ಲಿ ಕೇಳುವ ಒಂದು ಪ್ರಶ್ನೆಯು ದೂರದ ಕಾಡಿನಲ್ಲಿ ಒಂದು ಜೀವವನ್ನು ಉಳಿಸಬಲ್ಲದು. ಶ್ರಾವಕನ ಅಹಿಂಸೆಯು ಅಡುಗೆಮನೆಯಲ್ಲಿ ಎಷ್ಟು ಎಚ್ಚರವಾಗಿರುತ್ತದೆಯೋ ಖಾತೆಯ ಪುಸ್ತಕದ ಮುಂದೆಯೂ ಅಷ್ಟೇ ಎಚ್ಚರವಾಗಿರಬೇಕು.